ಸಿರ್ಸಿ ಮಳೆ, ಕಾರವಾರದ ಬಿಸಿಲು, ಮನೆಯಲ್ಲಿ ಎರಡು ಮಕ್ಕಳು: ಯಾವ ನಾಯಿ ತರಲಿ?

ಸಿರ್ಸಿ ಸೊಸೆ (ಮಾರ್ಚ್)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಸಿರ್ಸಿಗೆ ಬಂದು ಎರಡು ವರ್ಷ ಆಯಿತು. ಪೇಟೆಯಿಂದ ನಾಲ್ಕು ಕಿಲೋಮೀಟರ್ ಆಚೆ ಮನೆ. ಎದುರು ಅಡಿಕೆ ತೋಟ, ಹಿಂದೆ ಬೆಟ್ಟ. ಮಗಳಿಗೆ ಹತ್ತು, ಮಗನಿಗೆ ಆರು. ನಾವು ಸುಮ್ನೆ ಕೂರುವ ಪೈಕಿ ಅಲ್ಲ. ಯಜಮಾನರಿಗೆ ಬೆಳಿಗ್ಗೆ ಸೈಕಲ್ ಬೇಕು, ನನಗೆ ನಡಿಗೆ. ರಜೆ ಸಿಕ್ಕರೆ ಯಾಣ, ಉಂಚಳ್ಳಿ, ಇಲ್ಲವಾದರೆ ದೇವಿಮನೆ ಘಟ್ಟ ಇಳಿದು ಗೋಕರ್ಣ. ನನ್ನ ತವರು ಕಾರವಾರ, ತಿಂಗಳಿಗೊಮ್ಮೆ ಅಲ್ಲಿಗೂ ಹೋಗುತ್ತೇವೆ.

ಈಗ ಮಕ್ಕಳಿಗೆ ನಾಯಿ ಬೇಕಂತೆ. ಮಗ ಮೊಬೈಲಿನಲ್ಲಿ ನೀಲಿ ಕಣ್ಣಿನ ಹಸ್ಕಿ ನೋಡಿ ಅದೇ ಬೇಕು ಅಂತ ಕೂತಿದ್ದಾನೆ. ಯಜಮಾನರು ಲ್ಯಾಬ್ರಡಾರ್ ಅನ್ನುತ್ತಾರೆ, ಸೈಕಲ್ ಜೊತೆ ಓಡಲಿ ಅಂತ. ಮಾವನವರು "ಮಂಗ ಓಡಿಸುವ ಊರ ನಾಯಿ ಸಾಕು, ದುಡ್ಡು ಯಾಕೆ ದಂಡ" ಅಂದರು. ಅತ್ತೆಯವರದ್ದು ಒಂದೇ ಷರತ್ತು, ಅದು ಅಡುಗೆಮನೆ ಹೊಸಿಲು ದಾಟಬಾರದು. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾರವಾರ ಕಡಲು

ಅಕ್ಕಾ, ಹಸ್ಕಿ ಮಾತ್ರ ಬೇಡವೇ ಬೇಡ. ನಮ್ಮ ಓಣಿಯಲ್ಲೇ ಒಂದಿತ್ತು. ಏಪ್ರಿಲ್ ಬಂತೆಂದರೆ ಬಚ್ಚಲುಮನೆಯ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಮಲಗುತ್ತಿತ್ತು, ಏಳುತ್ತಲೇ ಇರಲಿಲ್ಲ. ಹಿಮದಲ್ಲಿ ಬಂಡಿ ಎಳೆಯಲು ಬೆಳೆಸಿದ ಜಾತಿ ಅದು, ಮೈಮೇಲೆ ಎರಡು ಪದರ ಕೂದಲು. ನಾಯಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗಾಗಬೇಕು. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ಜಾಸ್ತಿ. ಎಷ್ಟು ಏದುಸಿರು ಬಿಟ್ಟರೂ ತಂಪಾಗದು.

ಅಂಕೋಲೆ ಹುಡುಗ

ಎಸಿ ಹಾಕಿದರೆ ಆಯ್ತಪ್ಪ.

ಕಾರವಾರ ಕಡಲು

ಜೋರು ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದಾಗ ನಮಗೇ ಫ್ಯಾನ್ ಇರುವುದಿಲ್ಲ, ನಾಯಿಗೆ ಎಸಿಯಾ!

ಬೀಗಲ್ ಸಾಕಿದ ತಪ್ಪಿಗೆ

ಚಿಕ್ಕದು, ಮುದ್ದಾಗಿದೆ ಅಂತ ಯಾರಾದರೂ ಬೀಗಲ್ ಹೇಳಬಹುದು. ಅದಕ್ಕೆ ಮೊದಲೇ ನಾನು ಹೇಳಿಬಿಡುತ್ತೇನೆ. ಮಕ್ಕಳ ಜೊತೆ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಹತ್ತು ಕಿಲೋ ಆಸುಪಾಸು ತೂಕ, ಆರು ವರ್ಷದ ಮಗುವೂ ಹಗ್ಗ ಹಿಡಿಯಬಹುದು. ಆದರೆ ಮೊಲದ ಜಾಡು ಮೂಸಿ ಹಿಡಿಯಲೆಂದೇ ಇಂಗ್ಲೆಂಡಿನಲ್ಲಿ ಬೆಳೆಸಿದ ನಾಯಿ. ಮೂಗು ನೆಲಕ್ಕೆ ಇಟ್ಟಿತೆಂದರೆ ಕಿವಿ ಮುಚ್ಚಿತು ಅಂತಲೇ ಲೆಕ್ಕ. ನಮ್ಮದು ಒಮ್ಮೆ ಮುಳ್ಳುಹಂದಿಯ ವಾಸನೆ ಹಿಡಿದು ಬೆಟ್ಟ ಹತ್ತಿತು. ಮಾರನೇ ದಿನ ಮಧ್ಯಾಹ್ನ ಮೂರು ಮನೆ ಆಚೆ ಸಿಕ್ಕಿತು. ಯಾರದ್ದೋ ಕೊಟ್ಟಿಗೆಯಲ್ಲಿ ಹಿಂಡಿ ತಿನ್ನುತ್ತಿತ್ತು. ಊಳಿಡುವುದನ್ನಂತೂ ಕೇಳಲೇಬೇಡಿ. ಬೇಲಿ ಗಟ್ಟಿ ಇದ್ದರೆ ಮಾತ್ರ ತನ್ನಿ.

ಹೊನ್ನಾವರದ ಅಳಿಯ

ನಾನು ಬಾಗಲಕೋಟೆ ಕಡೆಯವನು, ಹೆಂಡತಿ ಊರು ಹೊನ್ನಾವರ. ನಮ್ಮ ಮುಧೋಳ ನಾಯಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ ಅಂತ ಬೇಜಾರು! 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಸರ್ ಇದು. 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಕೇಂದ್ರವೇ ಇದೆ, ಈ ತಳಿಗಾಗಿಯೇ. ಇದಕ್ಕೆ ಕಾರವಾನಿ ಅಂತಲೂ ಹೆಸರು. ಕಾರವಾರಿ ಅಲ್ಲ, ಕಾರವಾನಿ. ಮದುವೆಯಾದ ಹೊಸದರಲ್ಲಿ ನನ್ನ ಮಾವ ಅದನ್ನು ಮೀನು ತಿನ್ನುವ ನಾಯಿ ಅಂದುಕೊಂಡಿದ್ದರು.

ಓಟದ ವಿಷಯಕ್ಕೆ ಬಂದರೆ, ನಿಮ್ಮ ಯಜಮಾನರ ಸೈಕಲ್ ಹಿಂದೆ ಬೀಳುತ್ತದೆ.

ಬ್ಯಾಣದ ಬದಿ (ಸಿದ್ದಾಪುರ)

ಅಳಿಯಂದಿರೇ, ಪ್ರೀತಿ ಇರಲಿ, ಆದರೆ ನಿಮ್ಮ ಊರಿನ ಬಯಲು ಬೇರೆ, ನಮ್ಮ ಊರಿನ ಕಾಡು ಬೇರೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದು ಏನು ಕಂಡರೂ ಬೆನ್ನು ಹತ್ತುತ್ತದೆ, ಕೋಳಿ ಇರಲಿ, ಬೆಕ್ಕು ಇರಲಿ. ಇಲ್ಲಿ ಕಣ್ಣೆದುರು ಇಪ್ಪತ್ತು ಮಾರು ಬಯಲು ಸಿಗುವುದಿಲ್ಲ. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ನನ್ನ ದಾಯಾದಿಗಳ ಮನೆಯಲ್ಲಿ ಒಂದಿದೆ. ಜೂನ್ ಬಂತೆಂದರೆ ಬೆಂಕಿ ಕಾಯಿಸುವ ಹೊಡಸಲ ಪಕ್ಕ ಕಂಬಳಿ ಹೊದ್ದು ಮಲಗುವುದೇ ಅದರ ಕೆಲಸ.

ಹೊನ್ನಾವರದ ಅಳಿಯ

ಕಂಬಳಿ ಹೊದೆಯುವುದು ನಿಜ. ನಮ್ಮದೂ ಹೊದೆಯುತ್ತದೆ. ಆದರೆ ಮನೆ ಮಕ್ಕಳ ಮೇಲೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಗುರ್ರ್ ಅಂದಿಲ್ಲ. ಒಂದು ವಿಷಯ ಒಪ್ಪುತ್ತೇನೆ, ಬೈದರೆ ಮುದುಡಿಕೊಳ್ಳುತ್ತದೆ. ಗದ್ದಲದ ಮನೆಗೆ ಹೇಳಿದ್ದಲ್ಲ.

ಅಂಕೋಲೆ ಹುಡುಗ

ತೋಟದ ಕಾವಲಿಗೆ ರಾಟ್‌ವೀಲರ್ ತನ್ನಿ. ಒಬ್ಬ ಕಳ್ಳ ಬರಲ್ಲ.

ಕುಮಟೆ ಮೇಷ್ಟ್ರು

ತಮ್ಮಾ, ಅವರು ಕೇಳಿದ್ದು ಆರು ವರ್ಷದ ಮಗು ಇರುವ ಮನೆಗೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿ ಬೇಡ ಅಂತ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ತಪ್ಪು ಅನ್ನುವಂತಿಲ್ಲ. ಆದರೆ ಮೊದಲ ಸಲ ನಾಯಿ ಸಾಕುವವರಿಗೆ ಐವತ್ತು ಕಿಲೋ ನಾಯಿ ಯಾಕೆ? ಹಗ್ಗ ಹಿಡಿದವರನ್ನೇ ಎಳೆದುಕೊಂಡು ಹೋಗುತ್ತದೆ.

ದನದ ಡಾಕ್ಟ್ರು (ನಿವೃತ್ತ)

ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ದನದ ಜೊತೆ ನಾಯಿಯನ್ನೂ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ತಂಗೀ, ತಳಿ ಆಮೇಲೆ. ಜುಲೈ ತಿಂಗಳಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಧೋ ಅಂತ ಮಳೆ ಸುರಿಯುವಾಗ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಆ ಒಬ್ಬರ ಹೆಸರು ಮೊದಲು ಹೇಳಿ. ಜನವರಿಯಲ್ಲಿ ಎಲ್ಲರೂ ಕರೆದುಕೊಂಡು ಹೋಗುತ್ತಾರೆ. ನನ್ನ ಹತ್ತಿರ ಬರುತ್ತಿದ್ದ "ನಾಯಿ ಚಪ್ಪಲಿ ಕಚ್ಚುತ್ತದೆ, ಮಕ್ಕಳ ಮೇಲೆ ಹಾರುತ್ತದೆ" ದೂರುಗಳಲ್ಲಿ ಮುಕ್ಕಾಲು ಪಾಲು ಮಳೆಗಾಲದವು. ನಾಯಿಯದ್ದೇನೂ ತಪ್ಪಿಲ್ಲ. ನಾಲ್ಕು ತಿಂಗಳು ಜಗಲಿ ಕಂಬಕ್ಕೆ ಕಟ್ಟಿ ಹಾಕಿದರೆ ಇನ್ನೇನು ಮಾಡೀತು?

ಲ್ಯಾಬ್ರಡಾರ್ ಒಳ್ಳೆಯ ನಾಯಿ. ನೀರೆಂದರೆ ಪ್ರಾಣ, ಮಕ್ಕಳ ಗದ್ದಲ ತಡೆಯುತ್ತದೆ, ಕಲಿಸಿದ್ದು ಬೇಗ ಕಲಿಯುತ್ತದೆ. ತೊಂದರೆ ಹೊಟ್ಟೆಯದ್ದು. ಕೆಲವು ಲ್ಯಾಬ್‌ಗಳಿಗೆ ಹೊಟ್ಟೆ ತುಂಬಿತು ಅನ್ನುವುದೇ ತಿಳಿಯುವುದಿಲ್ಲ, ಅದು ಹುಟ್ಟಿನಿಂದ ಬಂದ ಗುಣ ಅಂತ ಸಂಶೋಧನೆಯೇ ಇದೆ. ನಮ್ಮಲ್ಲಿ ಅಜ್ಜಿ ಒಂದು ದೋಸೆ, ಮೊಮ್ಮಗ ಒಂದು ದೋಸೆ, ಕೆಲಸದವರು ಅರ್ಧ ದೋಸೆ. ನಲವತ್ತು ಕಿಲೋ ಮುಟ್ಟುವುದು ಗೊತ್ತೇ ಆಗುವುದಿಲ್ಲ. ಆಮೇಲೆ ಸೊಂಟದ ಕೀಲು ಹೋಗುತ್ತದೆ. ದಪ್ಪ ಕೂದಲು ನೆನೆದರೆ ಬೇಗ ಒಣಗದು, ಚರ್ಮ ಕೆಂಪಾಗಿ ಹುಣ್ಣು ಏಳುತ್ತದೆ. ಜೋತು ಬಿದ್ದ ಕಿವಿ ಒಳಗೆ ವಾಸನೆ ಬರುತ್ತದೆ. ಹೊರಗೆ ಹೋಗಿ ಬಂದಾಗಲೆಲ್ಲ ಒರೆಸಬೇಕು, ಕಿವಿಯನ್ನೂ.

ಸೈಕಲ್ ಜೊತೆ ಓಡಿಸುವ ವಿಷಯ. ಮರಿ ತಂದರೆ ಒಂದು ಒಂದೂವರೆ ವರ್ಷ ಸೈಕಲ್ ಮರೆತುಬಿಡಿ. ಬೆಳೆಯುವ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ. ಡಾಂಬರು ರಸ್ತೆಯಲ್ಲಿ ಕಿಲೋಮೀಟರ್‌ಗಟ್ಟಲೆ ಓಡಿಸಿದರೆ ಕೀಲು ಹಾಳು.

ಊರ ನಾಯಿಯ ಬಗ್ಗೆ ನಿಮ್ಮ ಮಾವನವರು ಹೇಳಿದ್ದು ಸುಳ್ಳಲ್ಲ. ಈ ಹವೆಗೆ ಅದೇ ಹುಟ್ಟಿದ್ದು. ಗಿಡ್ಡ ಕೂದಲು ಬೇಗ ಒಣಗುತ್ತದೆ. ಆದರೆ ಅಂಗಳದಲ್ಲಿ ಬಿಟ್ಟರೆ ತಾನೇ ಬೆಳೆಯುತ್ತದೆ ಅಂದುಕೊಳ್ಳಬೇಡಿ. ಎರಡು ತಿಂಗಳ ಮರಿ ತಂದು, ಮಕ್ಕಳ ನಡುವೆ, ಜನರ ನಡುವೆ ಬೆಳೆಸಬೇಕು. ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಬಂದರೂ ಕಚ್ಚುವ ನಾಯಿ ಆಗುತ್ತದೆ.

ಜರ್ಮನ್ ಶೆಫರ್ಡ್, ಡಾಬರ್‌ಮನ್ ಎಲ್ಲ ನಿಮಗೆ ಈಗ ಬೇಡ. ಪಗ್ ಅಂತೂ ಘಟ್ಟ ಹತ್ತುವವರ ಮನೆಗೆ ಅಲ್ಲ. ಚಪ್ಪಟೆ ಮೂಗು, ಉಸಿರಿಗೇ ಒದ್ದಾಡುತ್ತದೆ.

ಸಿರ್ಸಿ ಸೊಸೆ

ಡಾಕ್ಟ್ರೇ, ತುಂಬಾ ಧನ್ಯವಾದ. ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಜುಲೈ ಪ್ರಶ್ನೆ ಕೇಳಿದೆ. ಮಗ "ನಾನು" ಅಂದ. ಮಗಳು "ಶಾಲೆ ಇದೆ" ಅಂದಳು. ಯಜಮಾನರು ಮಜ್ಜಿಗೆ ಕೇಳಿದರು.

ಕಾರವಾರ ಕಡಲು

ಹಹ್ಹಾ, ಉತ್ತರ ಸಿಕ್ಕಿತಲ್ಲ ಅಕ್ಕಾ!

ಬ್ಯಾಣದ ಬದಿ

ಡಾಕ್ಟ್ರು ಚಿರತೆ ವಿಷಯ ಬಿಟ್ಟರು. ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಯಿಂದ ಮೂರು ನಾಯಿ ಹೋಗಿವೆ. ಕೊನೆಯದ್ದು ಕರಿಯ. ಜಗಲಿಯಲ್ಲಿ ಮಲಗಿತ್ತು, ನಾವು ಒಳಗೆ ಟಿವಿ ನೋಡುತ್ತಿದ್ದೆವು. ಒಂದೇ ಒಂದು ಸಲ ಕುಂಯ್ ಅಂದಿತು. ಬಾಗಿಲು ತೆಗೆಯುವಷ್ಟರಲ್ಲಿ ಸರಪಳಿ ಮಾತ್ರ ಇತ್ತು, ಪಟ್ಟಿ ಹರಿದಿತ್ತು. ಅಮ್ಮ ಇವತ್ತಿಗೂ ರಾತ್ರಿ ಅನ್ನ ಮಿಕ್ಕಿದರೆ ಹೊರಗೆ ನೋಡುತ್ತಾರೆ. ಯಾವ ತಳಿ ಆದರೂ ಕತ್ತಲಾದ ಮೇಲೆ ಒಳಗೆ ಇರಬೇಕು, ಇಲ್ಲವಾದರೆ ಮೇಲೂ ಮುಚ್ಚಿದ ಗಟ್ಟಿ ಗೂಡು. ಅತ್ತೆಯವರ ಜೊತೆ ಈ ಮಾತು ಮೊದಲೇ ಆಗಲಿ. ಅಡುಗೆಮನೆ ಬೇಡ, ಸರಿ. ಪಡಸಾಲೆಯಾದರೂ ಬಿಡಲಿ.

ಕುಮಟೆ ಮೇಷ್ಟ್ರು

ಊಟದ ಮಾತು ಯಾರೂ ಎತ್ತಲಿಲ್ಲ. ನಿಮ್ಮದು ಸಸ್ಯಾಹಾರಿ ಮನೆಯಾ? ನಮ್ಮಲ್ಲಿ ಅನ್ನ ಮಜ್ಜಿಗೆ ಹಾಕಿಯೇ ನಾಲ್ಕು ನಾಯಿ ಬೆಳೆದವು. ಒಂದೂ ಸತ್ತಿಲ್ಲ.

ಬೀಗಲ್ ಸಾಕಿದ ತಪ್ಪಿಗೆ

ಮೇಷ್ಟ್ರೇ, ಆ ನಾಲ್ಕೂ ಊರೆಲ್ಲ ಸುತ್ತಿ ಹೆಗ್ಗಣ, ಕೋಳಿ ತ್ಯಾಜ್ಯ ತಿಂದು ಬೆಳೆದಿರುತ್ತವೆ. ನೀವು ಹಾಕಿದ್ದು ಮಧ್ಯಾಹ್ನದ ತಿಂಡಿ!

ದನದ ಡಾಕ್ಟ್ರು

ಅವರು ಹೇಳಿದ್ದು ಸರಿ. ಬರೀ ಅನ್ನ ಮಜ್ಜಿಗೆ ಬೆಳೆಯುವ ಮರಿಗೆ ಸಾಲದು. ಮಾಂಸ ಬೇಡವಾದರೆ ಮೊಟ್ಟೆ, ಇಲ್ಲವೇ ಅಂಗಡಿಯ ನಾಯಿ ಆಹಾರ. ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆಯಲ್ಲಿ ನಾಯಿಯ ಪಾತ್ರೆ ಬೇರೆ ಇಟ್ಟು ಮೊಟ್ಟೆ ಬೇಯಿಸುತ್ತಾರೆ, ಅದನ್ನು ನೋಡಿದ್ದೇನೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಹಾಕಬೇಡಿ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿ ಕೂಡ ಬೇಡ.

ತೋಟದ ಮನೆಯವರು ಇನ್ನೂ ಎರಡು ನೆನಪಿಡಿ. ಮರಿಗಳು ಹಲ್ಲು ಬರುವಾಗ ಹಸಿ ಅಡಿಕೆ ಅಗಿಯುತ್ತವೆ. ಜೊಲ್ಲು ಸುರಿಸಿ, ವಾಂತಿ ಮಾಡಿ, ತೂರಾಡುತ್ತವೆ. ಅಡಿಕೆಯೊಳಗಿನ ಅರೆಕೋಲಿನ್ ಅನ್ನು ಹಿಂದೆ ನಾಯಿಯ ಲಾಡಿಹುಳುವಿಗೆ ಔಷಧಿ ಅಂತಲೇ ಕೊಡುತ್ತಿದ್ದರು. ಲೆಕ್ಕ ತಪ್ಪಿದರೆ ವಿಷ. ಇನ್ನೊಂದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ. ಮೈಲುತುತ್ತ ಕಲಸಿದ ಡ್ರಮ್ಮಿನ ಪಕ್ಕ ನಿಂತ ನೀರನ್ನು ನಾಯಿ ನೆಕ್ಕಬಾರದು. ಆ ದಿನ ಕಟ್ಟಿ ಹಾಕಿ.

ಅಂಕೋಲೆ ಹುಡುಗ

ಉಣುಗು (ರಕ್ತ ಹೀರುವ ಉಣ್ಣೆ) ಹತ್ತಿದರೆ? ನಮ್ಮ ಟಾಮಿ ಕಿವಿ ತುಂಬಾ ಉಣುಗು. ಅಪ್ಪ ದನಕ್ಕೆ ಹಾಕುವ ಔಷಧಿಯನ್ನೇ ಹಚ್ಚುತ್ತಾರೆ.

ದನದ ಡಾಕ್ಟ್ರು

ನಿಲ್ಲಿಸಲು ಹೇಳು ತಮ್ಮಾ. ದನದ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚಿ, ಅದು ನೆಕ್ಕಿ, ನಡುಕ ಬಂದ ನಾಯಿಗಳನ್ನು ಎಷ್ಟೋ ನೋಡಿದ್ದೇನೆ. ನಾಯಿಗೇ ಇರುವ ಮಾತ್ರೆ ಬಂದಿದೆ. ತಿಂಗಳಿಗೊಮ್ಮೆ ಕೊಡುವುದೂ ಇದೆ, ಮೂರು ತಿಂಗಳಿಗೊಮ್ಮೆ ಕೊಡುವುದೂ ಇದೆ. ಬೆಲೆ ಜಾಸ್ತಿ ಅನ್ನಿಸುತ್ತದೆ, ಉಣುಗು ಜ್ವರ ಬಂದ ಮೇಲಿನ ಖರ್ಚು ಅದಕ್ಕಿಂತ ಜಾಸ್ತಿ.

ನಮ್ಮ ಕಡೆ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗೊತ್ತಾದದ್ದು, ಸಿದ್ದಾಪುರ, ಹೊನ್ನಾವರ ಕಡೆಗೂ ಬಂದಿದೆ. ಅದು ಕಾಡಿನ ಉಣುಗಿನಿಂದ ಮನುಷ್ಯರಿಗೆ ಬರುವ ರೋಗ. ಬೆಟ್ಟ ಸುತ್ತಿ ಬಂದ ನಾಯಿ ಅದೇ ಉಣುಗನ್ನು ಮನೆಗೆ ಹೊತ್ತು ತರಬಹುದು. ಮಳೆ ನಿಂತ ಮೇಲೆ, ಬೇಸಿಗೆ ಮುಗಿಯುವ ತನಕ, ಬೆಟ್ಟದಿಂದ ಬಂದ ನಾಯಿಯ ಕಿವಿ, ಬೆರಳಸಂದಿ ನೋಡಿದ ನಂತರವೇ ಮಕ್ಕಳು ಮುದ್ದಾಡಲಿ. ಸತ್ತ ಮಂಗ ಕಂಡರೆ ನಾಯಿಯನ್ನು ಹತ್ತಿರ ಬಿಡಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕುಮಟೆ ಮೇಷ್ಟ್ರು

ಅನ್ನ ಮಜ್ಜಿಗೆ ವಿಷಯದಲ್ಲಿ ಸೋತೆ. ಮರಿ ಎಲ್ಲಿಂದ ತರುವುದು ಅದನ್ನೂ ಹೇಳಿ ಡಾಕ್ಟ್ರೇ.

ಯಲ್ಲಾಪುರ ಅಮ್ಮ

ಇದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದಿದ್ದೇನೆ. ದೊಡ್ಡ ಪೇಟೆಯ ಒಂದು ಅಂಗಡಿಯಿಂದ ಗೋಲ್ಡನ್ ರಿಟ್ರೀವರ್ ಮರಿ ತಂದೆವು. ನಲವತ್ತೈದು ದಿನ ಅಂದರು. ಹಲ್ಲು ನೋಡಿದ ಡಾಕ್ಟರು ಇದಕ್ಕೆ ತಿಂಗಳು ಆಗಿದ್ದೇ ಹೆಚ್ಚು ಅಂದರು. ಲಸಿಕೆ ಪುಸ್ತಕದಲ್ಲಿ ಸಹಿ ಇತ್ತು, ಸ್ಟಿಕ್ಕರ್ ಇರಲಿಲ್ಲ. ಐದನೇ ದಿನ ರಕ್ತಭೇದಿ. ಪಾರ್ವೊ ಅನ್ನುವ ವೈರಸ್ ರೋಗ. ಡ್ರಿಪ್ ಹಾಕಿಸಿದೆವು, ಮೂರು ದಿನ ಉಳಿಯಿತು. ಮಗಳು ಆ ಮರಿಗೆ ಹೊಲಿದ ಹಾಸಿಗೆ ಇನ್ನೂ ಅಟ್ಟದ ಮೇಲಿದೆ. ಆಮೇಲೆ ಗೊತ್ತಾಯಿತು, 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತೆಯೇ ಇಲ್ಲ. ತಾಯಿ ನಾಯಿ ತೋರಿಸದವರ ಹತ್ತಿರ ಮರಿ ತೆಗೆದುಕೊಳ್ಳಬೇಡಿ.

ದನದ ಡಾಕ್ಟ್ರು

ತಾಯಿಯ ಸ್ವಭಾವ ನೋಡಿದರೆ ಮರಿಯದ್ದು ಅರ್ಧ ಗೊತ್ತಾಗುತ್ತದೆ. ಮೂಲೆಯಲ್ಲಿ ಅಡಗುವ ಮರಿ ಬೇಡ, ಎಲ್ಲರ ಮೇಲೆ ಹತ್ತಿ ಬರುವ ಪುಂಡನೂ ಬೇಡ, ನಡುವಿನದ್ದು ತನ್ನಿ. ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಜೊತೆ ಇಲಿಜ್ವರದ್ದೂ ಸೇರಿರಲಿ, ನಮ್ಮ ಮಳೆಗೆ ಅದು ಬೇಕೇ ಬೇಕು. ಮೂರು ತಿಂಗಳಿಗೆ ರೇಬೀಸ್, ಆಮೇಲೆ ಹೇಳಿದ ಹೊತ್ತಿಗೆ ತಪ್ಪದೆ.

ಮಕ್ಕಳಿಗೆ ಒಂದೇ ಪಾಠ: ಉಣ್ಣುವಾಗ, ಮಲಗಿದಾಗ ನಾಯಿಯನ್ನು ಮುಟ್ಟಬಾರದು. ಹಲ್ಲು ತಾಗಿ ಗೀರಿದರೂ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆ. ಅರಿಶಿನ, ಸುಣ್ಣ ಏನೂ ಬೇಡ.

ಕಾರವಾರ ಕಡಲು

ಅಕ್ಕಾ, ಮರಿಯೇ ಆಗಬೇಕಾ? ನೌಕಾನೆಲೆ, ಕೈಗಾ ಕಡೆಯಲ್ಲಿ ವರ್ಗಾವಣೆ ಆಗುವವರು ಇರುತ್ತಾರೆ. ಬೆಳೆದ ನಾಯಿಗೆ ಮನೆ ಹುಡುಕುತ್ತಾರೆ. ನನಗೆ ಗೊತ್ತಿರುವ ಒಬ್ಬರ ಹತ್ತಿರ ಮೂರು ವರ್ಷದ ಹೆಣ್ಣು ಲ್ಯಾಬ್ ಇದೆ, ಹೆಸರು ಚಿನ್ನಿ. ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಲಸಿಕೆ ಎಲ್ಲ ಸರಿ ಇದೆ. ಅವರ ಮನೆಯಲ್ಲೂ ಸಣ್ಣ ಮಕ್ಕಳು. ಅವರಿಗೆ ಈಗ ಬೇರೆ ಊರಿನಲ್ಲಿ ನಾಲ್ಕನೇ ಮಹಡಿ ಮನೆ ಸಿಕ್ಕಿದೆಯಂತೆ. ದುಡ್ಡು ಬೇಡ, ಮನೆ ನೋಡಿ ಕೊಡುತ್ತಾರೆ. ಒಂದೇ ಸಮಸ್ಯೆ, 36 ಕಿಲೋ ಇದೆ.

ದನದ ಡಾಕ್ಟ್ರು

ಹೆಣ್ಣಿಗೆ 36 ಜಾಸ್ತಿಯೇ. 30ರ ಆಸುಪಾಸಿಗೆ ಇಳಿಸಬೇಕು. ಆದರೆ ಬೆಳೆದ ನಾಯಿ ಅಂದರೆ ಸ್ವಭಾವ ಕಣ್ಣಿಗೆ ಕಾಣುತ್ತದೆ, ಊಹೆ ಮಾಡಬೇಕಿಲ್ಲ. ಎರಡು ಮೂರು ಸಲ ಮಕ್ಕಳ ಜೊತೆ ಹೋಗಿ ನೋಡಿ ತಂಗೀ.

ಸಿರ್ಸಿ ಸೊಸೆ (ಏಪ್ರಿಲ್)

ನೋಡಿ ಬಂದೆವು. ಟಾಗೋರ್ ಕಡಲತೀರದಲ್ಲಿ ಸಂಜೆ ಐದೂವರೆಗೆ ಭೇಟಿ. ಮಗ ಮೊದಲು ಯಜಮಾನರ ಹಿಂದೆ ಅಡಗಿದ. ಚಿನ್ನಿ ಬಂದು ಅವನ ಮೊಣಕಾಲು ಮೂಸಿತು, ಆಮೇಲೆ ಅವನ ಪಾದದ ಮೇಲೆ ತನ್ನ ಪೂರಾ ಭಾರ ಬಿಟ್ಟು ಕೂತಿತು. ಅವನಿಗೆ ಅಲ್ಲಾಡಲು ಆಗಲಿಲ್ಲ. ಹತ್ತು ನಿಮಿಷ ಹಾಗೇ ನಿಂತಿದ್ದ. ಹಸ್ಕಿ ಮಾತು ಅಲ್ಲಿಗೇ ಮುಗಿಯಿತು.

ಕಾರವಾರ ಕಡಲು

ಕಡಲಿಗೆ ಕರೆದುಕೊಂಡು ಹೋಗುವಾಗ ಕುಡಿಯುವ ನೀರು ಒಯ್ಯಿರಿ ಅಕ್ಕಾ. ಲ್ಯಾಬ್‌ಗಳು ಅಲೆ ಜೊತೆ ಆಡುತ್ತಾ ಉಪ್ಪುನೀರು ಕುಡಿಯುತ್ತವೆ, ರಾತ್ರಿಯೆಲ್ಲ ವಾಂತಿ ಭೇದಿ. ಬಿಸಿಲೇರಿದ ಮೇಲೆ ಮರಳಿಗೆ ಅಂಗೈ ಹಿಂಬದಿ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಬಲೆ ಎಳೆದ ಜಾಗದಲ್ಲಿ ಬಿಸಾಡಿದ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ಉಬ್ಬಿಕೊಳ್ಳುವ ಮೀನು ಇರುತ್ತದಲ್ಲ, ಅದು ವಿಷ.

ಹೊನ್ನಾವರದ ಅಳಿಯ

ಮುಧೋಳ ಆಗಿದ್ದರೆ ಹಗೂರ ಇರ್ತಿತ್ತು, ಕಾಲು ನೋಯ್ತಿರಲಿಲ್ಲ. ಇರಲಿ, ಶುಭವಾಗಲಿ!

ಸಿರ್ಸಿ ಸೊಸೆ (ಜುಲೈ)

ಸುದ್ದಿ ಹೇಳಲು ಬಂದೆ. ಚಿನ್ನಿ ಬಂದು ಮೂರು ತಿಂಗಳು. ಈಗ 33 ಕಿಲೋ. ಅಡಿಕೆ ತೂಗುವ ತಕ್ಕಡಿಯಲ್ಲಿ ಮಾವನವರೇ ವಾರಕ್ಕೊಮ್ಮೆ ತೂಗುತ್ತಾರೆ. ಮಂಗ ಬಂದರೆ ಬಾಲ ಅಲ್ಲಾಡಿಸುತ್ತದೆ ಅಂತ ಅವರಿಗೆ ಬೇಸರ ಇದೆ, ಆದರೂ ತೋಟಕ್ಕೆ ಜೊತೆಗೆ ಅದೇ ಬೇಕು. ರಾತ್ರಿ ಪಡಸಾಲೆಯಲ್ಲಿ ಮಲಗುತ್ತದೆ. ಅಡುಗೆಮನೆ ಹೊಸಿಲಿನ ಆಚೆ ಗಲ್ಲ ಮಾತ್ರ ಇಟ್ಟು, ಮೈ ಈಚೆ ಇಟ್ಟುಕೊಂಡು ಅತ್ತೆಯನ್ನೇ ನೋಡುತ್ತದೆ. ದೋಸೆ ಯಾರು ಕೊಡುತ್ತಾರೆ ಅಂತ ನಾನು ಕೇಳುವುದು ಬಿಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ಕೊಡೆ ಹಿಡಿದು ಹೋಗುವುದು ನಾನೇ. ಡಾಕ್ಟ್ರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಈಗ ಒಂದು ಅರ್ಜೆಂಟ್ ಪ್ರಶ್ನೆ. ನಿನ್ನೆಯಿಂದ ಸೀನುತ್ತಿದೆ, ಎಡ ಮೂಗಿನಿಂದ ಒಂದೆರಡು ಹನಿ ರಕ್ತ. ಒಳಗೆ ಏನೋ ಕಪ್ಪಗೆ ಹೊರಗೆ ಬಂದು ಒಳಗೆ ಹೋದ ಹಾಗೆ ಕಂಡಿತು. ಉಂಬಳವಾ (ಜಿಗಣೆ)? ಉಪ್ಪು ಹಾಕಲಾ?

ದನದ ಡಾಕ್ಟ್ರು

ಮೂಗಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ಏನೂ ಹಾಕಬೇಡಿ. ಉಂಬಳವೇ ಇರಬೇಕು, ಹಳ್ಳದ ನೀರು ಕುಡಿಯುವಾಗ ಹತ್ತುತ್ತದೆ. ಕೆಲವು ಗಂಟೆ ನೀರು ಕೊಡಬೇಡಿ. ಆಮೇಲೆ ಅಗಲ ಪಾತ್ರೆಯಲ್ಲಿ ತಣ್ಣೀರು ಮೂಗಿನ ಕೆಳಗೆ ಹಿಡಿಯಿರಿ. ನೀರಿನ ಆಸೆಗೆ ಅದು ತಾನೇ ತಲೆ ಹೊರಗೆ ಹಾಕುತ್ತದೆ. ಬಟ್ಟೆಯಲ್ಲಿ ಹಿಡಿದು ನಿಧಾನ ಎಳೆಯಿರಿ, ಕೀಳಬೇಡಿ. ಒಬ್ಬರು ನಾಯಿಯನ್ನು ಹಿಡಿಯಲಿ. ಬರದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಂಬಳ ಹೋದ ಮೇಲೂ ರಕ್ತ ನಿಲ್ಲದಿದ್ದರೆ, ಎರಡೂ ಮೂಗಿನಿಂದ ಬಂದರೆ, ಊಟ ಬಿಟ್ಟರೆ, ಅದು ಉಣುಗು ಜ್ವರ ಇರಬಹುದು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಸಿರ್ಸಿ ಸೊಸೆ

ಬಂತು! ಯಜಮಾನರು ಚಿನ್ನಿಯನ್ನು ಹಿಡಿದರು, ಮಗಳು ಪಾತ್ರೆ ಹಿಡಿದಳು, ಎಳೆದದ್ದು ಅತ್ತೆ. ಅಡುಗೆಮನೆಯಲ್ಲೇ. ಬೆಳಕು ಅಲ್ಲೇ ಚೆನ್ನಾಗಿದೆಯಂತೆ.